ಅಪ್ಪ ಸಿಕ್ಕಿದ್ದಾರೆ ಎಂಬ ಸಂದೇಶ

ನಮ್ಮ ಅಪ್ಪ ಒಂದು ಭಾನುವಾರ ಸುಮಾರು ಎರಡು ಗಂಟೆ ಕಾಲ ಕಳೆದುಹೋಗಿದ್ದರು. ಆ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮಿಕ್ಸಿ ಜಾರಿನ ಬ್ಲೇಡು ಬದಲಾಯಿಸಿಕೊಂಡು ಬರುತ್ತೇನೆಂದು ಬೆಳಿಗ್ಗೆ ಹತ್ತೂವರೆಗೆ ಬಸವೇಶ್ವರನಗರದ ನಮ್ಮ ಮನೆಯಿಂದ ಹೊರಟರು. ರಾಜಾಜಿನಗರದ ರಿಪೇರಿ ಅಂಗಡಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ಅವರ ಸ್ಕೂಟರಿನ ಹಿಂದೆ ಕೂತು ಮಹಾಲಕ್ಷ್ಮಿ ಲೇಔಟಿಗೆ ಹೋಗಿ, ಅಲ್ಲಿ ಊಟ ಮಾಡಿ, ಅರ್ಧ ಗಂಟೆ ಮಲಗಿ, ಮೂರು ಗಂಟೆಗೆ ಜಾರಿನ ಸಮೇತ ವಾಪಸು ಬಂದರು. ಅವರ ಫೋನು ಮನೆಯಲ್ಲೇ ಟೀವಿ ಪಕ್ಕ ಚಾರ್ಜಿಗೆ ಹಾಕಿತ್ತು. ಅವರ ಲೆಕ್ಕದಲ್ಲಿ ಅದೊಂದು ಒಳ್ಳೆಯ ಭಾನುವಾರ.

ನಮ್ಮ ಲೆಕ್ಕ ಬೇರೆಯಿತ್ತು. ಹಿಂದಿನ ತಿಂಗಳು ಅವರಿಗೆ ಬಚ್ಚಲಲ್ಲಿ ಒಮ್ಮೆ ತಲೆಸುತ್ತು ಬಂದಿತ್ತು. ಹನ್ನೆರಡೂವರೆಗೆ ಅಮ್ಮ ಗೇಟಿನವರೆಗೆ ಹೋಗಿ ಬಂದಳು. ಹನ್ನೆರಡೂ ಮುಕ್ಕಾಲಿಗೆ ರಸ್ತೆಯ ತುದಿಯವರೆಗೆ ಹೋಗಿ ಬಂದಳು. ಒಂದು ಗಂಟೆಗೆ ನನ್ನ ಮುಂದೆ ನಿಂತು, "ನೀನು ಅದೇನೋ ಓದ್ತಾ ಇದೀಯಲ್ಲ, ಮೆಸೇಜು ಹೆಂಗೆ ಹರಡುತ್ತೆ ಅಂತ. ಹರಡು," ಎಂದಳು.

ನಾನು ಆಗ ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳುತ್ತಿದ್ದೆ. ಜೊತೆಗೆ ಐದು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೆ. ವಿಷಯ, ಸಾಮಾಜಿಕ ಜಾಲಗಳಲ್ಲಿ ಸಂದೇಶ ಹೇಗೆ ಹರಡುತ್ತದೆ ಎಂಬುದನ್ನು ಗಣಿತದ ಮಾದರಿಯಾಗಿ ಬರೆದು, ಆ ಮಾದರಿಯ ಬಗ್ಗೆ ಹೇಳಿದ ಮಾತು ನಿಜವೇ ಎಂದು ಸಾಬೀತು ಮಾಡುವುದು. ಒಬ್ಬೊಬ್ಬ ಮನುಷ್ಯನೂ ನನ್ನ ಮಾದರಿಯಲ್ಲಿ ಮೂರೇ ಸ್ಥಿತಿಯಲ್ಲಿ ಇರಬಲ್ಲ: ಅವನಿಗೆ ವಿಷಯ ಗೊತ್ತಿಲ್ಲ, ಗೊತ್ತಿದೆ, ಗೊತ್ತಿದ್ದು ಮುಂದಕ್ಕೆ ಕಳಿಸಿದ್ದಾನೆ. ಯಾರು ಯಾವ ಗ್ರೂಪಿನಲ್ಲಿದ್ದಾರೆ, ಯಾವ ನಿಯಮದಂತೆ ಕಳಿಸುತ್ತಾರೆ ಎಂದು ಬರೆದುಕೊಟ್ಟರೆ, ಒಂದು ಸಾಫ್ಟ್‌ವೇರ್ ಆಗಬಹುದಾದ ಎಲ್ಲ ದಾರಿಗಳನ್ನೂ ಒಂದೂ ಬಿಡದೆ ಓಡಾಡಿ ನೋಡುತ್ತದೆ. ನಾನು ಹೇಳಿದ್ದು ಸುಳ್ಳಾಗುವ ಒಂದೇ ಒಂದು ದಾರಿ ಸಿಕ್ಕಿದರೂ ಅದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಮುಂದಿಡುತ್ತದೆ. ಸಿಗದಿದ್ದರೆ ಸರಿ ಎನ್ನುತ್ತದೆ. ಬೇರೇನೂ ಹೇಳುವುದಿಲ್ಲ.

ಮನೆಯಲ್ಲಿ ಇದನ್ನು ಅರ್ಥ ಮಾಡಿಕೊಂಡವರು ಅಪ್ಪ ಒಬ್ಬರೇ. ಅವರು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. "ಅಂದ್ರೆ ನೂರಕ್ಕೆ ಹತ್ತು ಪೀಸ್ ತೆಗೆದು ನೋಡಿ ಲಾಟ್ ಪಾಸ್ ಮಾಡೋದಲ್ಲ. ಇರೋ ಪೀಸೆಲ್ಲಾ ನೋಡೋದು ಅಂತಾಯ್ತು," ಎಂದಿದ್ದರು. ನನ್ನ ಸಂಶೋಧನೆಯನ್ನು ಅಷ್ಟು ಚಿಕ್ಕದಾಗಿ ನಾನೂ ಹೇಳಿಲ್ಲ, ನನ್ನ ಗೈಡೂ ಹೇಳಿಲ್ಲ.

ಆ ಭಾನುವಾರ ನಾನು ಬರೆದ ಸಂದೇಶ ಹೀಗಿತ್ತು: "ದಯವಿಟ್ಟು ಗಮನಿಸಿ. ಫೋಟೋದಲ್ಲಿರುವ ನಮ್ಮ ತಂದೆಯವರು ಬೆಳಿಗ್ಗೆಯಿಂದ ಕಾಣೆಯಾಗಿದ್ದಾರೆ. ಎಲ್ಲಾದರೂ ಕಂಡರೆ ಅವರನ್ನು ಕೂರಿಸಿಕೊಂಡು ಈ ನಂಬರಿಗೆ ಫೋನ್ ಮಾಡಿ." ಕೆಳಗೆ ನನ್ನ ನಂಬರು. ಫೋಟೋ ಸೋದರತ್ತೆಯ ಮಗನ ಮದುವೆಯದು. ಬಿಳಿ ಅಂಗಿ, ದಪ್ಪ ಬಿಳಿ ಮೀಸೆ, ನೇರ ನೋಟ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. "ಸ್ವಲ್ಪ ಮರೆವು ಇದೆ ಅಂತ ಹಾಕೇ."

"ಅಪ್ಪಂಗೆಲ್ಲಿ ಮರೆವು?"

"ಸುಮ್ನೆ ಕಾಣ್ತಿಲ್ಲ ಅಂದ್ರೆ ಎಲ್ಲೋ ಹೋಗಿರ್ತಾರೆ ಬರ್ತಾರೆ ಅಂತ ಬಿಟ್ಬಿಡ್ತಾರೆ ಕಣೇ. ಮರೆವು ಅಂತ ಹಾಕಿದ್ರೆ ಅಯ್ಯೋ ಪಾಪ ಅಂತ ನೋಡ್ತಾರೆ."

ಅದು ನಿಜವೆನಿಸಿತು. ಹಾಕಿದೆ. ನಮ್ಮ ರಸ್ತೆಯವರ ಗ್ರೂಪು, ನೆಂಟರ ಗ್ರೂಪು, ಕಾಲೇಜಿನ ಸ್ಟಾಫ್ ಗ್ರೂಪು, ಅಮ್ಮನ ಭಜನೆ ಗ್ರೂಪು, ಈ ನಾಲ್ಕಕ್ಕೂ ಕಳಿಸಿದೆ. ಐದು ವರ್ಷ ಸಂದೇಶಗಳ ಬಗ್ಗೆಯೇ ಯೋಚಿಸಿದ ನಾನು ಅದರಲ್ಲಿ ದಿನಾಂಕ ಹಾಕಲಿಲ್ಲ. "ಬೆಳಿಗ್ಗೆಯಿಂದ" ಎಂದು ಬರೆದೆ. ಅದನ್ನು ಯಾರು ಯಾವ ದಿನ ಓದಿದರೂ ಅದು ಅವತ್ತಿನ ಬೆಳಿಗ್ಗೆಯೇ.

ಮೂರು ಗಂಟೆಗೆ ಅಪ್ಪ ಬಂದು ಜಾರನ್ನು ಮೇಜಿನ ಮೇಲಿಟ್ಟು, "ಒರಿಜಿನಲ್ ಬ್ಲೇಡೇ ಹಾಕ್ಸಿದೀನಿ," ಎಂದರು. ಅಮ್ಮ ಅತ್ತಳು, ಬೈದಳು, ಆಮೇಲೆ ಊಟಕ್ಕೆ ಏನು ಮಾಡಿದ್ದರು ಎಂದು ಕೇಳಿದಳು. ನಾನು ಅದೇ ನಾಲ್ಕು ಗ್ರೂಪುಗಳಿಗೆ, "ಅಪ್ಪ ಸಿಕ್ಕಿದ್ದಾರೆ. ಎಲ್ಲರಿಗೂ ಧನ್ಯವಾದ," ಎಂದು ಕಳಿಸಿದೆ. ಕೈಮುಗಿಯುವ ಚಿಹ್ನೆಗಳು ಸಾಲಾಗಿ ಬಂದವು. ಮುಗಿಯಿತು ಎಂದುಕೊಂಡೆವು.

ಬುಧವಾರ ಅಪ್ಪ ಮೊದಲ ಸಲ ಸಿಕ್ಕಿದರು.

ವಿಜಯನಗರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಇಬ್ಬರು ಯುವಕರು ಬಂದು ಅಕ್ಕಪಕ್ಕ ನಿಂತರಂತೆ. ಒಬ್ಬ ಫೋನು ನೋಡಿದ, ಅಪ್ಪನನ್ನು ನೋಡಿದ, "ಇವ್ರೇ ಮಗಾ," ಎಂದ. ಇನ್ನೊಬ್ಬ ಬಹಳ ಮೆತ್ತಗೆ, "ಅಂಕಲ್, ಬನ್ನಿ, ಮನೆಗೆ ಹೋಗೋಣ," ಎಂದು ಕೈ ಹಿಡಿದುಕೊಂಡ.

"ಯಾಕಪ್ಪ? ನನ್ನ ಮನೆ ನನಗೆ ಗೊತ್ತು."

"ಗೊತ್ತು ಅಂಕಲ್, ನಿಮಗೆ ಎಲ್ಲಾ ಗೊತ್ತು. ಬನ್ನಿ."

"ನಾನು ಕಳೆದೋಗಿಲ್ಲ ಕಣ್ರಪ್ಪ."

"ಇಲ್ಲ ಅಂಕಲ್. ಯಾರು ಹಂಗಂದಿದ್ದು?"

ಅವರನ್ನು ಆಟೋದಲ್ಲಿ ಇಬ್ಬರ ಮಧ್ಯೆ ಕೂರಿಸಿಕೊಂಡು ಮನೆಗೆ ತಂದು ಬಿಟ್ಟರು. ಆಟೋದ ದುಡ್ಡು ಅವರೇ ಕೊಟ್ಟರು. ಅಮ್ಮ ಕಾಫಿ ಕೊಟ್ಟು, ವಿಷಯ ವಿವರಿಸಿದಳು. ಹುಡುಗರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಹೊರಡುವಾಗ ಒಬ್ಬ ಗೇಟಿನ ಹತ್ತಿರ ನಿಂತು, "ಆಂಟಿ, ಇದಕ್ಕೊಂದು ಬೀಗ ಹಾಕಿಟ್ಕೊಳಿ," ಎಂದ.

ತೊಂದರೆ ಎಲ್ಲಿದೆ ಎಂದು ನನಗೆ ಆಗಲೇ ಹೊಳೆಯಿತು. ಮರೆವಿದೆ ಎಂದು ಒಮ್ಮೆ ಬರೆದ ಮೇಲೆ, ಅಪ್ಪ ಏನು ಹೇಳಿದರೂ ಅದು ಮರೆವಿಗೆ ಸಾಕ್ಷಿ. ಹೆಸರು, ವಿಳಾಸ ಸರಿಯಾಗಿ ಹೇಳಿದರೆ, ಪಾಪ ಅದೊಂದು ನೆನಪಿದೆ ಎನ್ನುತ್ತಿದ್ದರು. ಸಿಟ್ಟು ಮಾಡಿಕೊಂಡರೆ, ಈ ಕಾಯಿಲೆಯಲ್ಲಿ ಸಿಟ್ಟು ಜಾಸ್ತಿ ಎನ್ನುತ್ತಿದ್ದರು. ಸುಮ್ಮನಿದ್ದರೆ ಹೇಳುವುದೇ ಬೇಡ.

ಮುಂದಿನ ಎರಡು ತಿಂಗಳಲ್ಲಿ ಅಪ್ಪ ಪಶ್ಚಿಮ ಬೆಂಗಳೂರಿನ ಬೇರೆ ಬೇರೆ ಕಡೆ ಸಿಕ್ಕಿದರು. ಮೆಟ್ರೊ ನಿಲ್ದಾಣದಲ್ಲಿ ಒಬ್ಬ ಹೆಂಗಸು ಅವರಿಗೆ ಬಿಸ್ಕತ್ತು ಕೊಟ್ಟು, ಬಲವಂತವಾಗಿ ಬೆಂಚಿನ ಮೇಲೆ ಕೂರಿಸಿ, ನನಗೆ ಫೋನ್ ಮಾಡಿದರು. ನಾಗರಬಾವಿಯಲ್ಲಿ ಕಾನೂನು ಓದುವ ಹುಡುಗಿಯೊಬ್ಬಳು, ಅವರು ಬೇಡವೆಂದರೂ ಹಿಂದೆಯೇ ಒಂದು ಕಿಲೋಮೀಟರ್ ನಡೆದುಕೊಂಡು ಬಂದಳು. ಒಮ್ಮೆ ಸಿಟಿ ಬಸ್ಸಿನ ಕಂಡಕ್ಟರ್ ಅವರನ್ನು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯಲು ಬಿಡದೆ ನಮ್ಮ ಮನೆಯ ಸ್ಟಾಪಿಗೇ ತಂದು ಇಳಿಸಿದ. ಅಪ್ಪ ಅವತ್ತು ದಂತವೈದ್ಯರ ಹತ್ತಿರ ಹೋಗಬೇಕಿತ್ತು.

ಅವರೆಲ್ಲ ಒಳ್ಳೆಯವರು. ಬೈಯುವಂತಿರಲಿಲ್ಲ. ಪ್ರತಿ ಸಲ ಕಾಫಿ ಕೊಡಬೇಕಾಗುತ್ತಿತ್ತು.

ಅಪ್ಪ ತಮ್ಮದೇ ಉಪಾಯ ಹುಡುಕಿದರು. "ನಾನು ಕಳೆದುಹೋಗಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ದಯವಿಟ್ಟು ಹಳೆಯ ಸಂದೇಶ ನಂಬಬೇಡಿ," ಎಂದು ನನ್ನಿಂದ ಟೈಪ್ ಮಾಡಿಸಿ, ಕೆಳಗೆ ನನ್ನ ನಂಬರು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡರು. ಇದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಲ್ಯಾಮಿನೇಷನ್ ಮಾಡಿದ ಚೀಟಿಯಲ್ಲಿ ಮಗಳ ನಂಬರು ಇಟ್ಟುಕೊಂಡು ಓಡಾಡುವವರು ಯಾರು ಎಂದು ಜನಕ್ಕೆ ಗೊತ್ತಿದೆ. ಮೊದಲು ಫೋಟೋ ನೋಡಿ ಅನುಮಾನ ಪಡುತ್ತಿದ್ದವರು ಈಗ ಚೀಟಿ ನೋಡಿ ಖಚಿತ ಮಾಡಿಕೊಳ್ಳತೊಡಗಿದರು.

ಈ ಮಧ್ಯೆ ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಏನಾಯಿತು ಎಂಬುದನ್ನು ಹೇಳಬೇಕು. ಅದರಲ್ಲಿ ಒಂದು ಪ್ರಮೇಯವಿತ್ತು. ಒಂದು ಸಂದೇಶದ ಹಿಂದೆಯೇ ಅದರ ತಿದ್ದುಪಡಿ ಕಳಿಸಿದರೆ, ಸಂದೇಶ ತಲುಪಿದ ಪ್ರತಿಯೊಬ್ಬರಿಗೂ ತಿದ್ದುಪಡಿಯೂ ಒಂದಲ್ಲ ಒಂದು ದಿನ ತಲುಪುತ್ತದೆ ಎಂದು ನಾನು ಸಾಬೀತು ಮಾಡಿದ್ದೆ. ಸಾಫ್ಟ್‌ವೇರ್ ಎಲ್ಲ ದಾರಿಗಳನ್ನೂ ನೋಡಿ ಸರಿ ಎಂದಿತ್ತು. ಅದಕ್ಕೊಂದು ಊಹೆಯ ಆಧಾರವಿತ್ತು: ಯಾರು ಮೊದಲ ಸಂದೇಶವನ್ನು ಮುಂದಕ್ಕೆ ಕಳಿಸುತ್ತಾರೋ, ಅವರೇ ತಿದ್ದುಪಡಿಯನ್ನೂ ಅದೇ ಜನಕ್ಕೆ ಕಳಿಸುತ್ತಾರೆ. ಇದು ಎಷ್ಟು ಸಹಜವಾಗಿ ಕಂಡಿತ್ತೆಂದರೆ, ಅಧ್ಯಾಯದಲ್ಲಿ ಅದಕ್ಕೆ ಅರ್ಧ ಸಾಲು ಕೊಟ್ಟಿದ್ದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಎದುರು ಮೇಜಿನ ಸಹೋದ್ಯೋಗಿಯನ್ನು ಕೇಳಿದೆ. ಅಪ್ಪ ಕಾಣೆಯಾದ ಸಂದೇಶವನ್ನು ಆಕೆ ತನ್ನ ಅಪಾರ್ಟ್‌ಮೆಂಟಿನ ಗ್ರೂಪಿಗೂ ಇನ್ನೆರಡು ಗ್ರೂಪಿಗೂ ಕಳಿಸಿದ್ದಳು.

"ಸಿಕ್ಕಿದ್ದಾರೆ ಅಂತ ಆಮೇಲೆ ಹಾಕಿದ್ನಲ್ಲ, ನೋಡಿದ್ರಾ?"

"ನೋಡಿದೆ ಮೇಡಂ. ತುಂಬಾ ಖುಷಿಯಾಯ್ತು. ದೇವರಿಗೆ ಕೈ ಮುಗಿದೆ."

"ಅದನ್ನ ಆ ಗ್ರೂಪುಗಳಿಗೆ ಕಳಿಸಿದ್ರಾ?"

ಆಕೆ ನನ್ನನ್ನೇ ನೋಡಿದಳು. "ಸಿಕ್ಕಿದ್ರಲ್ಲ ಮೇಡಂ. ಇನ್ಯಾಕೆ?"

ಅವತ್ತು ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಆ ಅರ್ಧ ಸಾಲನ್ನು ಅಳಿಸಿ ಮಾದರಿಯನ್ನು ಮತ್ತೆ ಓಡಿಸಿದೆ. ಮೊದಲು ಸರಿ ಎನ್ನಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದ ಸಾಫ್ಟ್‌ವೇರ್ ಈ ಸಲ ತಪ್ಪು ಎನ್ನಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಅದು ಕೊಟ್ಟ ಉದಾಹರಣೆಗೆ ಮೂರೇ ಜನ ಸಾಕಾಗಿದ್ದರು. ಮೊದಲನೆಯವರು ಎರಡನೆಯವರಿಗೆ ಹೇಳುತ್ತಾರೆ. ಎರಡನೆಯವರು ಮೂರನೆಯವರಿಗೆ ಹೇಳುತ್ತಾರೆ. ತಿದ್ದುಪಡಿ ಬರುತ್ತದೆ. ಎರಡನೆಯವರಿಗೆ ಸಮಾಧಾನವಾಗುತ್ತದೆ. ಅಷ್ಟೇ. ಮೂರನೆಯವರು ವಿಜಯನಗರದ ಮಾರ್ಕೆಟ್ಟಿನಲ್ಲಿ ಅಪ್ಪನ ಕೈ ಹಿಡಿದುಕೊಳ್ಳುತ್ತಾರೆ.

ಗೈಡಿಗೆ ತೋರಿಸಿದೆ. ಅವರು ಸಾವಧಾನದ ಮನುಷ್ಯರು. "ಅಸಂಪ್ಷನ್ ಅಲ್ವೇನಮ್ಮ. ಇಟ್ಕೊಂಡ್ರೆ ಪ್ರೂಫ್ ಕರೆಕ್ಟಾಗೇ ಇದೆಯಲ್ಲ," ಎಂದರು.

"ಪ್ರೂಫ್ ಕರೆಕ್ಟಾಗಿದೆ ಸಾರ್. ಆದ್ರೆ ಹಾಗೆ ಯಾರೂ ಮಾಡಲ್ಲ."

"ಯಾರೂ ಮಾಡಲ್ಲ ಅನ್ನೋದಕ್ಕೆ ಏನು ಸಾಕ್ಷಿ?"

"ನಿನ್ನೆ ಅಪ್ಪನ್ನ ಮತ್ತೆ ಕರ್ಕೊಂಡ್ಬಂದ್ರು ಸಾರ್."

ಅವರು, ಹಾಗಾದರೆ ಆ ಪ್ರಮೇಯವನ್ನು ತೆಗೆಯುವುದೇ ಒಳ್ಳೆಯದು ಎಂದರು. ಒಂದೂವರೆ ವರ್ಷದ ಕೆಲಸ ಹೋಯಿತು. ಬೇಜಾರಾಯಿತೇ ಎಂದು ಅಮ್ಮ ಕೇಳಿದಳು. ಆಯಿತು ಎಂದೆ. ಆ ವಾರವೆಲ್ಲ ನಾನು ಮನೆಯಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆ ಸಂದೇಶ ಬರೆದದ್ದು ನಾನೇ ಆದ್ದರಿಂದ ಸಿಟ್ಟು ಮಾಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಅಪ್ಪ ಅದೇ ವಾರ ಮೀಸೆ ಬೋಳಿಸಿದರು. ಮದುವೆಗೂ ಮುಂಚಿನಿಂದ ಇದ್ದ ಮೀಸೆ. ಬೆಳಿಗ್ಗೆ ಸಲೂನಿಗೆ ಹೋಗಿ ಬಂದು ಕಾಫಿಗೆ ಕೂತರು. ಅಮ್ಮ ಲೋಟ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಎರಡು ದಿನ ಅವರ ಮುಖ ನೋಡಿ ಮಾತಾಡಲಿಲ್ಲ. ಮೂರನೆಯ ದಿನ, "ನಿಮ್ಮ ಅಣ್ಣನ ಥರಾನೇ ಕಾಣ್ತೀರ," ಎಂದಳು. ಅದು ಹೊಗಳಿಕೆಯಲ್ಲ. ಆದರೆ ಮೀಸೆ ಹೋದ ಮೇಲೆ ಯಾರೂ ಅಪ್ಪನನ್ನು ಹಿಡಿಯಲಿಲ್ಲ. ಅವರು ದಂತವೈದ್ಯರ ಹತ್ತಿರ ಹೋಗಿ ಬಂದರು.

ಅದಾಗಿ ತಿಂಗಳೊಪ್ಪತ್ತು ಕಳೆದಿರಬೇಕು. ಕಾಲೇಜಿಗೆ ರಜೆ ಇದ್ದ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹೆಂಗಸಿನ ದನಿ. ಹಿಂದೆ ಬಸ್ಸುಗಳ ಹಾರ್ನು.

"ಅಮ್ಮಾ, ನಿಮ್ ತಂದೆಯವ್ರು ಇಲ್ಲವ್ರೆ. ಕೆಂಗೇರಿ ಬಸ್ ಸ್ಟ್ಯಾಂಡಲ್ಲಿ. ನಾನು ಹೂ ಮಾರೋಳು."

ಅಪ್ಪ ನನ್ನ ಎದುರಿಗೇ ಪೇಪರ್ ಓದುತ್ತಿದ್ದರು. ಇಂಥ ಫೋನಿಗೆ ಹೇಳಲು ನನ್ನ ಹತ್ತಿರ ಸಿದ್ಧ ಉತ್ತರವಿತ್ತು. "ಅದು ಹಳೇ ಮೆಸೇಜು ಅಮ್ಮ. ಅಪ್ಪ ಅವತ್ತೇ ಸಿಕ್ಕಿದ್ರು. ಮನೇಲೇ ಇದಾರೆ. ತುಂಬಾ ಥ್ಯಾಂಕ್ಸ್."

"ಅಯ್ಯೋ, ಇಲ್ಲೇ ಕುಂತವ್ರೆ ಕಣಮ್ಮ. ಬೆಳಗ್ಗೆ ಏಳ್ ಗಂಟೆಯಿಂದ ನೋಡ್ತಾ ಇವ್ನಿ. ಮೀಸೆನೂ ಹಂಗೇ ಅದೆ."

ಅಪ್ಪ ಪೇಪರ್ ಕೆಳಗಿಟ್ಟು ಕೈ ಚಾಚಿದರು. ಫೋನು ಕೊಟ್ಟೆ. "ನೋಡಮ್ಮ, ಆ ಫೋಟೋದಲ್ಲಿರೋನು ನಾನೇ. ನಾನು ಇಲ್ಲಿದೀನಿ," ಎಂದರು.

ಆಕೆ, "ಹಂಗಾದ್ರೆ ಇವ್ರ್ಯಾರು?" ಎಂದಳು.

ಅಪ್ಪ ಎದ್ದು ಚಪ್ಪಲಿ ಹಾಕಿಕೊಂಡರು. ನಾನೂ ಹೊರಟೆ.

ವಿಜಯನಗರದವರೆಗೆ ಆಟೋ, ಅಲ್ಲಿಂದ ಮೆಟ್ರೊ. ಕೆಂಗೇರಿ ಬಸ್ ನಿಲ್ದಾಣದಲ್ಲಿ ಹೂವಿನ ಬುಟ್ಟಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಅವರು ಕೂತಿದ್ದರು. ಎಪ್ಪತ್ತೈದರ ಆಸುಪಾಸು. ಬಿಳಿ ಅಂಗಿ, ಬಿಳಿ ಮೀಸೆ. ಮೀಸೆ ಬಿಟ್ಟರೆ ಅಪ್ಪನಿಗೂ ಅವರಿಗೂ ಹೋಲಿಕೆಯೇ ಇರಲಿಲ್ಲ. ಎಡಗಾಲಿಗೆ ರಬ್ಬರ್ ಚಪ್ಪಲಿ, ಬಲಗಾಲಿಗೆ ಚರ್ಮದ್ದು. ಹೂವಿನಾಕೆ ಕೊಡಿಸಿದ ಇಡ್ಲಿಯ ಎಲೆ ಪಕ್ಕದಲ್ಲಿ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು.

ಆಕೆ ಅಪ್ಪನನ್ನೂ ಫೋನಿನ ಫೋಟೋವನ್ನೂ ಮೂರು ಮೂರು ಸಲ ನೋಡಿ, "ಮೀಸೆ ತೆಗೀಬಾರ್ದಿತ್ತು ನೀವು," ಎಂದಳು.

ಅಪ್ಪ ಬೆಂಚಿನ ಮೇಲೆ ಅವರ ಪಕ್ಕ ಕೂತರು. "ಎಲ್ಲಿಗೆ ಹೊರಟ್ರಿ ಯಜಮಾನ್ರೆ?"

"ಗಾಡಿ ಇನ್ನೂ ಬಂದಿಲ್ಲ," ಎಂದರು ಅವರು.

"ಬರುತ್ತೆ ಬಿಡಿ," ಎಂದರು ಅಪ್ಪ.

ಅಷ್ಟು ಹೇಳಿ ಸುಮ್ಮನೆ ಕೂತರು. ಬನ್ನಿ ಮನೆಗೆ ಹೋಗೋಣ ಎನ್ನಲಿಲ್ಲ, ಕೈ ಹಿಡಿಯಲಿಲ್ಲ, ಹೆಸರು ಕೇಳಲಿಲ್ಲ. ಎರಡು ತಿಂಗಳು ಬೇರೆ ಬೇರೆಯವರ ಕೈಗೆ ಸಿಕ್ಕಿದ ಅನುಭವ ಅವರಿಗಿತ್ತು. ನಾನು ದೂರದಲ್ಲಿ ನಿಂತು ಪೊಲೀಸರಿಗೆ ಫೋನ್ ಮಾಡಿದೆ. ಒಬ್ಬರನ್ನು ಕಳಿಸುತ್ತೇವೆ, ಅಲ್ಲೇ ಇರಿ ಎಂದರು.

ಕಾಯುವಾಗ ನಾನೊಂದು ಸಂದೇಶ ಬರೆದೆ. ಈ ಸಲ ದಿನಾಂಕ, ಗಂಟೆ, ಜಾಗ ಎಲ್ಲ ಹಾಕಿದೆ. "ಈ ಸಂದೇಶ ಇಂದು ಸಂಜೆ ಆರರವರೆಗೆ ಮಾತ್ರ" ಎಂದೂ ಬರೆದೆ. ಅದೇ ನಾಲ್ಕು ಗ್ರೂಪುಗಳಿಗೆ ಕಳಿಸಿದೆ. ನೆಂಟರ ಗ್ರೂಪಿನಿಂದ ಒಬ್ಬರು, "ನಿಮ್ಮ ತಂದೆ ಮತ್ತೆ ಹೋದರಾ?" ಎಂದು ಕೇಳಿದರು. ಬೇರೆ ಯಾರಿಂದಲೂ ಏನೂ ಬರಲಿಲ್ಲ. ಸರಿಯಾಗಿ ಬರೆದ ಸಂದೇಶ ಎಲ್ಲಿಗೂ ಹೋಗಲಿಲ್ಲ.

ಅಪ್ಪ ಅಷ್ಟರಲ್ಲಿ ಪಕ್ಕದವರ ಅಂಗಿ ನೋಡುತ್ತಿದ್ದರು. ಬೇಕೆಂದು ನೋಡುತ್ತಿರಲಿಲ್ಲ, ಹೊಲಿಗೆ ಕಂಡರೆ ಹೊಲಿಗೆ ನೋಡುವುದು, ಬೆಸುಗೆ ಕಂಡರೆ ಬೆಸುಗೆ ನೋಡುವುದು ಅವರ ಅಭ್ಯಾಸ. "ಕಾಲರ್ ಸ್ವಲ್ಪ ಮಡಚಿಕೊಂಡಿದೆ, ಸರಿ ಮಾಡ್ಲಾ?" ಎಂದು ಕೇಳಿದರು. ಅವರು ತಲೆಯಾಡಿಸಿದರು. ಅಪ್ಪ ಕಾಲರ್ ಸರಿ ಮಾಡುತ್ತಾ ಒಳಗಿನ ಚೀಟಿ ಓದಿ, ನನ್ನನ್ನು ಕರೆದರು. ಟೈಲರ್ ಅಂಗಡಿಯ ಲೇಬಲ್. ಅಂಗಡಿಯ ಹೆಸರು, ಮಹಾಲಕ್ಷ್ಮಿ ಲೇಔಟ್, ಏಳು ಅಂಕಿಯ ಫೋನ್ ನಂಬರು.

"ಇದು ಹಳೇ ನಂಬರು ಅಪ್ಪ. ಈಗ ಎಂಟು ಅಂಕಿ."

"ಮುಂದೆ 2 ಹಾಕಿ ನೋಡು."

ರಿಂಗಾಯಿತು. ವಯಸ್ಸಾದ ಗಂಡಸೊಬ್ಬರು ಎತ್ತಿದರು. ಹೌದು, ಟೈಲರ್ ತಾನೇ ಎಂದರು. ಲೇಬಲ್ಲಿನ ರೋಲು ಒಟ್ಟಿಗೆ ಮಾಡಿಸಿದ್ದು, ಇನ್ನೂ ಮುಗಿದಿಲ್ಲ, ಅದಕ್ಕೇ ಹಳೆಯ ನಂಬರು ಎಂದರು. ವಿಷಯ ಹೇಳಿ, ಬಿಳಿ ಅಂಗಿ, ಬಿಳಿ ಮೀಸೆ ಎಂದೆ.

"ಬಿಳಿ ಶರಟು ಎಲ್ರೂ ಹೊಲಿಸ್ತಾರೆ ಮೇಡಂ. ಎಡ ಭುಜ ಇಳಿದಿದೆಯಾ ನೋಡಿ."

ಅಪ್ಪನನ್ನು ಕೇಳಿದೆ. ಅಪ್ಪ ಎದ್ದು ಹಿಂದೆ ಹೋಗಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿ, "ಅರ್ಧ ಇಂಚು. ಎಡಗಡೆ," ಎಂದರು.

"ಎಡ ತೋಳು ಬಲಕ್ಕಿಂತ ಗಿಡ್ಡ ಇಟ್ಟಿದೀನಾ?"

"ಇಟ್ಟಿದಾರೆ," ಎಂದರು ಅಪ್ಪ. ದನಿಯಲ್ಲಿ ಮೆಚ್ಚುಗೆಯಿತ್ತು.

"ಡ್ರೈವರ್ ಸಾಹೇಬ್ರು ಅವ್ರು. ನಂದಿನಿ ಲೇಔಟು. ಸಿಟಿ ಬಸ್ ಓಡಿಸ್ತಿದ್ರು. ಅವ್ರ ಮಗಂದೂ ನಾನೇ ಹೊಲಿಯೋದು, ನಂಬರ್ ಐತೆ, ತಗೊಳಿ."

ಪೊಲೀಸ್ ಪೇದೆ ಬಂದಾಗ ಮಗನ ನಂಬರು ನನ್ನ ಕೈಯಲ್ಲಿತ್ತು. ಪೇದೆಯೇ ಮಗನ ಜೊತೆ ಮಾತಾಡಿದರು. ಮನೆಯವರು ಹಿಂದಿನ ದಿನ ಸಂಜೆಯೇ ಆ ಕಡೆಯ ಠಾಣೆಯಲ್ಲಿ ದೂರು ಕೊಟ್ಟಿದ್ದರಂತೆ. ಒಂದು ಗಂಟೆಯೊಳಗೆ ಮಗ, ಸೊಸೆ ಕಾರಿನಲ್ಲಿ ಬಂದರು. ಇಬ್ಬರ ಕಣ್ಣೂ ಕೆಂಪಾಗಿತ್ತು. ಸೊಸೆ ಮಾವನ ಕಾಲಿನ ಬೇರೆ ಬೇರೆ ಚಪ್ಪಲಿ ನೋಡಿ ಅಲ್ಲೇ ಕೂತು ಅತ್ತಳು. ಮಗ ನಮ್ಮ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕಾಣೆಯಾಗಿದ್ದಾರೆ ಅಂತ ಫೋಟೋ ಎಲ್ಲೂ ಹಾಕಿರಲಿಲ್ವಾ?" ಎಂದು ನಾನು ಸೊಸೆಯನ್ನು ಕೇಳಿದೆ.

"ನಾನು ಹಾಕೋಣ ಅಂದೆ. ಇವ್ರು ಬೇಡ ಅಂದ್ರು. ಎಲ್ಲರ ಫೋನಲ್ಲೂ ಮಾವನ ಫೋಟೋ ಓಡಾಡೋದು ಬೇಡ, ಜನ ಅಯ್ಯೋ ಪಾಪ ಅಂತ ನೋಡೋದು ಬೇಡ ಅಂತ." ಕಣ್ಣೊರೆಸಿಕೊಂಡು ಕೇಳಿದಳು, "ಮತ್ತೆ ನಿಮಗೆ ಹೇಗೆ ಗೊತ್ತಾಯ್ತು, ಇವ್ರು ಕಳೆದೋಗಿದಾರೆ ಅಂತ?"

"ಹೂವಿನವ್ರು ನಮ್ಮ ತಂದೆ ಫೋಟೋ ನೋಡಿ ಫೋನ್ ಮಾಡಿದ್ರು," ಎಂದೆ. ಆಕೆ ತಲೆಯಾಡಿಸಿದಳು. ಅವತ್ತು ಆಕೆಗೆ ಇನ್ನಷ್ಟು ವಿವರ ಬೇಕಿರಲಿಲ್ಲ.

ಡ್ರೈವರ್ ಸಾಹೇಬರು ಕಾರಿನಲ್ಲಿ ಹಿಂದೆ ಕೂರಲು ಒಪ್ಪಲಿಲ್ಲ. ಮುಂದೆ, ಎಡಗಡೆ ಕೂತರು. ಕಾರು ಹೊರಟಾಗ ರಸ್ತೆಯನ್ನು ಗಮನವಿಟ್ಟು ನೋಡುತ್ತಿದ್ದರು.

ವಾಪಸು ಮೆಟ್ರೊದಲ್ಲೇ ಬಂದೆವು. ವಿಜಯನಗರ ಹತ್ತಿರ ಬಂದಾಗ ಅಪ್ಪ, "ಪಾಪ, ನನ್ನನ್ನ ಕರ್ಕೊಂಡ್ಬಂದೋರ ಮೇಲೆಲ್ಲ ರೇಗಾಡ್ಬಿಟ್ಟೆ ಕಣೇ," ಎಂದರು. ಯಾರ ಮೇಲೂ ರೇಗಾಡಿರಲಿಲ್ಲ ಅವರು. ದಂತವೈದ್ಯರ ದಿನ ಸ್ವಲ್ಪ ದನಿ ಎತ್ತಿದ್ದರು, ಅಷ್ಟೇ.

ಮೂರನೆಯ ಅಧ್ಯಾಯವನ್ನು ನಾನು ಹೊಸದಾಗಿ ಬರೆದೆ. ಈಗ ಅದರಲ್ಲಿರುವುದು ಬಹಳ ಚಿಕ್ಕ ಪ್ರಮೇಯ. ಯಾವ ಯಾವ ಷರತ್ತುಗಳಿದ್ದರೆ ತಿದ್ದುಪಡಿ ತಲುಪುತ್ತದೆ ಎಂದು ಅದು ಹೇಳುತ್ತದೆ. ಷರತ್ತುಗಳ ಪಟ್ಟಿ ಪ್ರಮೇಯಕ್ಕಿಂತ ಉದ್ದವಿದೆ. ತಪ್ಪಾದ ಸಂದೇಶ ಸರಿಯಾದ ಮನುಷ್ಯನನ್ನು ತಲುಪುವುದರ ಬಗ್ಗೆ ನನ್ನ ಮಾದರಿಯಲ್ಲಿ ಏನೂ ಇಲ್ಲ. ಅದನ್ನು ಬರೆಯಲು ಎರಡು ಸಲ ಪ್ರಯತ್ನಪಟ್ಟೆ. ಮಾದರಿಯಲ್ಲಿ ಹೂವಿನಾಕೆಯನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ. ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ, ಇದಕ್ಕೆ ನಿಜಜೀವನದ ಪ್ರಯೋಗವೇನಾದರೂ ಮಾಡಿದ್ದೀರಾ ಎಂದು ಕೇಳಿದರು. ಸಣ್ಣದೊಂದು ಮಾಡಿದ್ದೇನೆ ಎಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ಕೆಂಗೇರಿಯಿಂದ ಬಂದ ಎರಡು ವಾರಕ್ಕೆ ಆ ಸೊಸೆ ಫೋನ್ ಮಾಡಿದ್ದಳು. ನಾನು ಏನು ಕೆಲಸ ಮಾಡುವವಳೆಂದು ಅಪ್ಪ ಅವರಿಗೆ ಹೇಳಿದ್ದರಂತೆ. "ಮತ್ತೆ ಹೋಗ್ಬಿಟ್ರೆ ಅಂತ ಒಂದು ಮೆಸೇಜು ಮೊದಲೇ ಬರೆದಿಟ್ಕೊಳ್ಳೋಣ ಅಂತ. ಗಾಬರೀಲಿ ಬರೆದ್ರೆ ಏನೇನೋ ಆಗುತ್ತಲ್ಲ. ನೀವು ಹೇಳಿಕೊಡ್ತೀರಾ?" ಎಂದಳು.

ಒಂದು ಶನಿವಾರ ಮಧ್ಯಾಹ್ನ ನಾನು, ಅಪ್ಪ ನಂದಿನಿ ಲೇಔಟಿನ ಅವರ ಮನೆಗೆ ಹೋದೆವು. ಊಟದ ಮೇಜಿನ ಸುತ್ತ ಕೂತೆವು. ಡ್ರೈವರ್ ಸಾಹೇಬರು ಸೋಫಾದಲ್ಲಿ ಕೂತು ಟೀವಿ ನೋಡುತ್ತಿದ್ದರು. ನಾನು ದಿನಾಂಕಕ್ಕೆ ಜಾಗ ಬಿಡಿಸಿದೆ. ಗಂಟೆಗೆ ಜಾಗ ಬಿಡಿಸಿದೆ. ಯಾವ ಅಂಗಿ, ಯಾವ ಚಪ್ಪಲಿ ಎಂದು ಬರೆಯಲು ಜಾಗ ಬಿಡಿಸಿದೆ. ಸಾಮಾನ್ಯವಾಗಿ ಯಾವ ಬಸ್ ನಿಲ್ದಾಣಗಳಿಗೆ ಹೋಗಬಹುದು ಎಂದು ಮಗ ಹೇಳಿದ, ಬರೆದೆವು. ಆಮೇಲೆ ಆ ಇನ್ನೊಂದು ವಾಕ್ಯದ ಹತ್ತಿರ ಬಂದು ನಿಂತೆವು. ಮಗ ಬೇಡವೆಂದ. ಸೊಸೆ ಬೇಕೆಂದಳು. ಇಬ್ಬರೂ ಮೆಲುದನಿಯಲ್ಲಿ, ಆದರೆ ಕೇಳಿಸುವಷ್ಟು ಮೆಲುದನಿಯಲ್ಲಿ, ವಾದ ಮಾಡಿದರು.

ಡ್ರೈವರ್ ಸಾಹೇಬರು ಟೀವಿಯಿಂದ ಕಣ್ಣು ತೆಗೆಯದೆ, "ಮರೆವು ಐತೆ ಅಂತ ಹಾಕಮ್ಮ. ಐತಲ್ಲ," ಎಂದರು.

ಸೊಸೆ ಆ ವಾಕ್ಯ ಟೈಪ್ ಮಾಡಿದಳು. ಫೋಟೋ ಒಂದು ಬೇಕಿತ್ತು. ಇದ್ದವೆಲ್ಲ ಹಳೆಯವು, ಯೂನಿಫಾರ್ಮಿನವು. ಹೊಸದು ತೆಗೆಯೋಣ ಎಂದು ಮಗ ಫೋನು ಹಿಡಿದುಕೊಂಡು ಅವರ ಎದುರು ನಿಂತ. ಅವರು ತಾಳು ಎಂದು ಕೈ ತೋರಿಸಿ, ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಅಪ್ಪ ಹೋಗಿ ಅವರ ಎಡ ಭುಜದ ಮೇಲಿನ ಬಟ್ಟೆ ಸರಿ ಮಾಡಿ, ಪಕ್ಕಕ್ಕೆ ಸರಿದು, "ಈಗ ತೆಗಿ," ಎಂದರು.